ಬ್ರೇಕಿನ ಮೇಲಿನ ಕಾಲು

ತಲೆಯ ಮೇಲೆ ಸೀಟಿನ ಸ್ಪ್ರಿಂಗು ಕಿರ್ ಎಂದಿತು. ಯಾರೋ ಗಾಡಿ ಹತ್ತಿ ಕೂತರು. ಕೂತು ಓಡಿಸಿ ಹುಲ್ಲು ಕತ್ತರಿಸುವ ಆ ಗಾಡಿಯ ಮುಂದಿನ ಗಾಲಿಗಳನ್ನು ಇಳಿಜಾರು ಹಲಗೆಗೆ ಹತ್ತಿಸಿ, ಅಡಿಯಲ್ಲಿ ಅಂಗಾತ ಮಲಗಿ, ಹೊಸ ಬೆಲ್ಟನ್ನು ಪುಲ್ಲಿಯ ರಾಟೆಗೆ ಸಿಕ್ಕಿಸುತ್ತಿದ್ದ ಆರ್ಡಿಸ್‌ಳ ಕೈ ಅಲ್ಲೇ ನಿಂತಿತು. ಮನೆಯಲ್ಲಿದ್ದವರು ಇಬ್ಬರೇ. ಇನ್ನೊಬ್ಬ, ಅವಳ ಗಂಡ ವರ್ಲಿನ್, ಟೀವಿಯಲ್ಲಿ ಬೇಸ್‌ಬಾಲ್ ನೋಡುತ್ತಾ ತೂಕಡಿಸುತ್ತಿರಬೇಕಿತ್ತು.

“ಹುಲ್ಲು ಮೊಣಕಾಲಿಗೆ ಬಂದಿದೆ, ಈ ಮನೇಲಿ ಯಾರಿಗೂ ಕಣ್ಣೇ ಇಲ್ಲ,” ಎಂದು ವರ್ಲಿನ್ ಮೇಲಿನಿಂದ ಗೊಣಗಿದ. ಹಿಂದೆಯೇ ಕೀಲಿಗೊಂಚಲಿನ ಸದ್ದು ಕೇಳಿಸಿತು.

ಗಾಡಿಯ ಕೀಲಿ ನನ್ನ ಜೇಬಿನಲ್ಲಿದೆ, ಇನ್ನೇನು ಭಯ ಎಂದುಕೊಂಡಿದ್ದಳು ಮಹಾತಾಯಿ. ಆದರೆ ಇಂಥ ಗಾಡಿಗಳ ಕೀಲಿ ಬಹುಪಾಲು ಒಂದೇ ಅಚ್ಚು. ನಲವತ್ತು ವರ್ಷ ಅವುಗಳನ್ನೇ ರಿಪೇರಿ ಮಾಡಿದ ವರ್ಲಿನ್‌ನ ಹಳೇ ಕೆಲಸದ ಅಂಗಿಯಲ್ಲಿ ಅಂಥವು ಹತ್ತಾದರೂ ಇದ್ದವು. ಬ್ಯಾಟರಿಯ ವೈರು ಬಿಚ್ಚದೆ ಬೆಲ್ಟಿಗೆ ಕೈ ಹಾಕಬಾರದು, ಹಿಂದಿನ ಗಾಲಿಗೆ ಇಟ್ಟಿಗೆ ಕೊಡದೆ ಮುಂದಿನ ಗಾಲಿ ಇಳಿಜಾರು ಹಲಗೆಗೆ ಹತ್ತಿಸಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವನೂ ಅವನೇ. ಎಪ್ಪತ್ಮೂರರ ಆರ್ಡಿಸ್ ವೈರು ಬಿಚ್ಚಿರಲಿಲ್ಲ, ಇಟ್ಟಿಗೆಯನ್ನೂ ಕೊಟ್ಟಿರಲಿಲ್ಲ. ಹತ್ತು ನಿಮಿಷದ ಕೆಲಸ, ಬ್ರೇಕ್ ಹಾಕಿದೆಯಲ್ಲ ಎಂಬ ಧೈರ್ಯ. ಹುಲ್ಲು ಬೆಳೆದಿದೆ, ಕತ್ತರಿಸದಿದ್ದರೆ ದಂಡ ಎಂದು ಊರಿನ ಕಚೇರಿಯಿಂದ ಚೀಟಿ ಬಂದಿತ್ತು, ರಿಪೇರಿಯವರು ಬರಲು ಮೂರು ವಾರ ಬೇಕು ಎಂದಿದ್ದರು.

ಗಾಡಿ ಹತ್ತಿದ ಕೂಡಲೇ ಬ್ರೇಕ್ ತುಳಿಯುವುದು ವರ್ಲಿನ್‌ನ ಕಾಲಿಗೆ ಮೈಗೂಡಿದ ಚಾಳಿ. ತುಳಿದ. ಬ್ರೇಕನ್ನು ತುಳಿದಂತೆಯೇ ಹಿಡಿದಿಡಲು ಆರ್ಡಿಸ್ ಹಾಕಿದ್ದ ಕೊಂಡಿ ಟಕ್ ಎಂದು ಕಳಚಿಕೊಂಡಿತು. ಇನ್ನೀಗ ಗಾಡಿ ಹಿಂದಕ್ಕೆ ಉರುಳದೆ ನಿಂತಿದ್ದುದು ಅವನ ಒಂದು ಕಾಲಿನ ಬಲದ ಮೇಲೆ. ಆ ಕಾಲು ಎತ್ತಿದರೆ ಮುಂದಿನ ಗಾಲಿಗಳು ಹಲಗೆಯಿಂದ ಜಾರಿ ಅಷ್ಟೂ ಭಾರ ಅವಳ ಎದೆಯ ಮೇಲೆ. ಕೀಲಿ ತಿರುಗಿಸಿದರೆ ಪುಲ್ಲಿ ತಿರುಗಿ ಅವಳ ಕೈ ಚಿಂದಿ.

“ವರ್ಲಿನ್, ನಾನು ಕಣೋ, ಆರ್ಡಿಸ್. ಕೆಳಗಿದೀನಿ. ಅಲ್ಲಾಡಬೇಡ.”

“ಯಾರ್ರೀ ಅದು?” ಅವನು ಬಗ್ಗಿ ನೋಡಲು ಹೊರಟ. ಕಾಲು ಕೊಂಚ ಸಡಿಲವಾಯಿತು. ಬ್ರೇಕ್ ಬಿಟ್ಟಷ್ಟೂ ಬಿಗಿಯುವ ಬೆಲ್ಟು ಅವಳ ಎರಡು ಬೆರಳನ್ನು ಪುಲ್ಲಿಗೆ ಅದುಮಿತು. ಗಾಡಿ ಒಂದಿಂಚು ಹಿಂದಕ್ಕೆ ಜರುಗಿತು. “ಆರ್ಡಿಸ್ ಚರ್ಚಿಗೆ ಹೋಗಿದಾಳೆ. ನೀವ್ಯಾರು?”

ಅಯ್ಯೋ ದೇವರೇ, ಇವತ್ತೇ ಆಗಬೇಕೆ! ಮರೆವಿನ ಕಾಯಿಲೆ ಹಿಡಿದು ಎರಡು ವರ್ಷ; ಒಂದು ದಿನ ಹೆಂಡತಿಯ ಗುರುತು ಹತ್ತುತ್ತಿತ್ತು, ಇನ್ನೊಂದು ದಿನ ಇಲ್ಲ. ಗದರಿದರಂತೂ ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸುತ್ತಿದ್ದ. ಹೋದ ವಾರ “ಒಲೆ ಆರಿಸೋ!” ಎಂದು ಕೂಗಿದ್ದಕ್ಕೆ ನಾಲ್ಕೂ ಗ್ಯಾಸ್ ಒಲೆ ತೆರೆದು ಕೂತಿದ್ದ. ಕಿರುಚಬಾರದು. ಬೆರಳು ಉರಿಯುತ್ತಿತ್ತು.

“ಪಕ್ಕದ ಬೀದಿಯವಳು,” ಎಂದಳು ಮೆಲ್ಲಗೆ. “ರಿಪೇರಿ ವರ್ಲಿನ್ ಅಂದ್ರೆ ನೀವೇ ತಾನೇ? ಈ ಬೆಲ್ಟ್ ಹಾಕೋಕೆ ಬರ್ತಿಲ್ಲ. ಬ್ರೇಕ್ ಗಟ್ಟಿಯಾಗಿ ತುಳಿದುಕೊಂಡೇ ಸ್ವಲ್ಪ ಹೇಳಿಕೊಡ್ತೀರಾ?”

ಕಾಲು ಮತ್ತೆ ಬಿಗಿಯಾಯಿತು. ಬೆರಳು ಬಿಡಿಸಿಕೊಂಡಿತು.

“ಬ್ಯಾಟರಿ ವೈರು ಬಿಚ್ಚಿದೀರಾ?”

“ಇಲ್ಲ.”

“ಹಿಂದಿನ ಗಾಲಿಗೆ ಇಟ್ಟಿಗೆ?”

“ಇಲ್ಲ.”

“ಕೆಳಗೆ ಹೋಗಿ ಮಲಗಿದ ಮೇಲೆ ಕೇಳ್ತಾ ಇದೀರಲ್ರೀ! ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ! ಬುದ್ಧಿ ಎಲ್ಲಿಟ್ಟಿದ್ರಿ?”

“ಬೈಯಿರಿ, ಪರವಾಗಿಲ್ಲ. ಮೊದಲು ಏನು ಮಾಡಬೇಕು ಹೇಳಿ.”

ಬ್ರೇಕಿನ ಸರಳು ಅವಳ ಮೂಗಿನ ಮೇಲೆಯೇ ನಡುಗತೊಡಗಿತು. ಎಪ್ಪತ್ತೆಂಟರ ಮೊಣಕಾಲು, ಎಷ್ಟು ಹೊತ್ತು ತುಳಿದೀತು? ಹೊರಗೆ ತೆವಳಲು ಅವಳ ಸೊಂಟಕ್ಕೆ ಐದು ನಿಮಿಷವಾದರೂ ಬೇಕು. “ಕಾಲು ನೋಯ್ತಿದೆ,” ಎಂದ ವರ್ಲಿನ್, ಮಗುವಿನ ಹಾಗೆ. “ನಾನು ಯಾಕೆ ಇಲ್ಲಿ ಕೂತಿದೀನಿ?” ಕೀಲಿ ರಂಧ್ರಕ್ಕೆ ಹೊಕ್ಕ ಸದ್ದಾಯಿತು. ಆರ್ಡಿಸ್ ಕಣ್ಣು ಮುಚ್ಚಿಕೊಂಡಳು.

“ಬೆಲ್ಟ್, ವರ್ಲಿನ್ ಅವರೇ! ಬೆಲ್ಟ್ ಹಾಕುವಾಗ ಬ್ರೇಕಿನ ಕೊಂಡಿ ಹಾಕಿರಬೇಕೋ, ಬಿಟ್ಟಿರಬೇಕೋ?”

“ಹಾಕಿರಬೇಕು! ಅಷ್ಟೂ ಗೊತ್ತಿಲ್ವಾ?” ರೇಗಿಯೇ ಬಿಟ್ಟ. ರೇಗಿದವನ ಕೈ ಕೊಂಡಿಯನ್ನು ಎಳೆದು ಕೂರಿಸಿತು. ಸರಳಿನ ನಡುಕ ನಿಂತಿತು. ಆಮೇಲೆ ಕೀಲಿ ಈಚೆ ಬಂತು, ಸೀಟು ಮತ್ತೆ ಕಿರ್ ಎಂದಿತು. ಬೂಟುಗಳು ಗ್ಯಾರೇಜಿನ ಮೂಲೆಗೆ ಹೋಗಿ ಬಂದವು, ಹಿಂದಿನ ಗಾಲಿಗಳ ಬುಡಕ್ಕೆ ಇಟ್ಟಿಗೆ ಬಿದ್ದವು. ಕೊನೆಗೆ ಸ್ಪ್ಯಾನರ್ ತಿರುಗಿ ಬ್ಯಾಟರಿಯ ವೈರು ಕಳಚಿತು. ಒಂದೂ ಹಿಂದುಮುಂದಾಗಲಿಲ್ಲ.

ಅವನೇ ಮಂಡಿಯೂರಿ ಅವಳ ಕಂಕುಳಿಗೆ ಕೈ ಕೊಟ್ಟು ಈಚೆಗೆಳೆದ. ಬಕೆಟ್ ಬೋರಲು ಹಾಕಿ ಕೂರಿಸಿದ, ಜಜ್ಜಿದ ಬೆರಳುಗಳಿಗೆ ತನ್ನ ಕರವಸ್ತ್ರ ಸುತ್ತಿದ. ಆರ್ಡಿಸ್‌ಗೆ ಅಲ್ಲಿಯತನಕ ಹಿಡಿದಿಟ್ಟ ಅಳು ಒಮ್ಮೆಲೇ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು.

“ಎಷ್ಟು ನಡುಗ್ತಿದೀರಲ್ರೀ. ನಿಮ್ಮ ಯಜಮಾನರು ಎಲ್ಲಿ?”

“ಒಳಗೆ,” ಎಂದಳು. “ನಿದ್ದೆ ಮಾಡ್ತಿದಾರೆ.”

ವರ್ಲಿನ್ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ಇದನ್ನೆಲ್ಲ ಅವರಿಗೆ ಹೇಳೋಕೆ ಹೋಗಬೇಡಿ. ನೀವು ಹೋಗಿಬಿಟ್ಟಿದ್ರೆ ನನ್ನ ಗತಿ ಏನು ಅಂತ ಹೆದರಿಕೊಳ್ತಾರೆ, ಪಾಪ.”