ತಿಂಗಳ ಮೊದಲ ಸೋಮವಾರ

ಊರಿನ ಸೈರನ್ ಏರುತ್ತ ಇಳಿಯುತ್ತ ಅರಚಿಕೊಳ್ಳುತ್ತಿದ್ದರೂ ಸರೋವರದ ಕಟ್ಟೆಯ ಮೇಲೆ ಜಮಖಾನ ತೊಳೆಯುತ್ತಿದ್ದ ಇಬ್ಬರು ಹೆಂಗಸರು ತಲೆ ಎತ್ತಲಿಲ್ಲ. ಮೇಲಿನ ರಸ್ತೆಯಲ್ಲಿ ಅಗ್ನಿಶಾಮಕ ದಳದ ಗಾಡಿಯ ಪಕ್ಕ ನಿಂತಿದ್ದ ದಳದ ಮುಖ್ಯಸ್ಥ ಉರ್ಪೊ ದುರ್ಬೀನನ್ನು ಅವರತ್ತ ತಿರುಗಿಸಿದ. ಒಬ್ಬಾಕೆ ನೆರೆಮನೆಯ ಹಿಲ್ಕ. ಮೊಣಕಾಲೂರಿ ಬ್ರಷ್ ಉಜ್ಜುತ್ತಿದ್ದ ಇನ್ನೊಬ್ಬಾಕೆ ಅವನ ಹೆಂಡತಿಯ ತಾಯಿ, ಲೆಂಪಿ.

ಹತ್ತು ನಿಮಿಷದ ಹಿಂದೆ ಈಜುಕೊಳದ ಕಟ್ಟಡದಲ್ಲಿ ಸಿಲಿಂಡರ್ ಬದಲಾಯಿಸುವಾಗ ವಾಲ್ವ್ ಮುರಿದು ಕ್ಲೋರಿನ್ ಹೊರಬಿದ್ದಿತ್ತು. ಅದು ಹೊಗೆಯ ಹಾಗೆ ಆಕಾಶಕ್ಕೆ ಹೋಗುವ ಪೈಕಿಯಲ್ಲ. ಗಾಳಿಗಿಂತ ಭಾರ, ನೆಲ ಹಿಡಿದು, ತಗ್ಗು ಹುಡುಕಿಕೊಂಡು ಹರಿಯುತ್ತದೆ. ಗಾಳಿಯೂ ಸರೋವರದ ಕಡೆಗೇ ಬೀಸುತ್ತಿತ್ತು. ಉರ್ಪೊ ನೋಡುತ್ತಿದ್ದಂತೆಯೇ ಹಸಿರು ಬೆರೆತ ಹಳದಿ ಮಂಜೊಂದು ಚರಂಡಿಗುಂಟ ಇಳಿಯತೊಡಗಿತು.

ಗಡಿಯಾರ ನೋಡಿದ. ಹನ್ನೆರಡು. ಜೂನ್ ತಿಂಗಳ ಮೊದಲ ಸೋಮವಾರ. ಪ್ರತಿ ತಿಂಗಳೂ ಇದೇ ದಿನ, ಇದೇ ಹೊತ್ತಿಗೆ ಸೈರನ್ ಸರಿಯಿದೆಯೇ ಎಂದು ಕೂಗಿಸಿ ನೋಡುವುದು ದೇಶದ ವಾಡಿಕೆ. ಆ ಸದ್ದಿಗೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಾರೆ, ಆಲೂಗಡ್ಡೆ ಒಲೆಗಿಡುತ್ತಾರೆ, ಯಾರೂ ಓಡುವುದಿಲ್ಲ. ಈ ಹಾಳು ವಾಲ್ವಿಗೆ ಮುರಿಯಲು ಬೇರೆ ದಿನವೇ ಸಿಗಲಿಲ್ಲವೇ ಎಂದು ಉರ್ಪೊ ಹಲ್ಲು ಕಡಿದ.

"ಸಿಲಿಂಡರ್ ಮೇಲೆ ಒಂದು ಹನಿ ನೀರೂ ಬೀಳಿಸ್ಬೇಡಿ, ಸೋರಿಕೆ ಇನ್ನೂ ಜಾಸ್ತಿಯಾಗುತ್ತೆ. ದೂರದಲ್ಲಿ ನೀರಿನ ಪರದೆ ಹಿಡೀರಿ," ಎಂದು ದಳದವರಿಗೆ ಕೂಗಿ ಹೇಳಿ, ಮುಖವಾಡ ಬಿಗಿದು, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ದಿಣ್ಣೆ ಇಳಿದು ಓಡಿದ.

"ಅತ್ತೇ! ಎದ್ದೇಳಿ! ಮೇಲಕ್ಕೆ ನಡೀರಿ!"

ಮುಖವಾಡದೊಳಗಿನ ಆ ಮಾತು ಕೊಡದೊಳಗೆ ಕೂಗಿದಂತೆ ಕೇಳಿಸಿತು. ಲೆಂಪಿ ಹಣೆಯ ಮೇಲಿನ ಸೋಪಿನ ನೊರೆಯನ್ನು ಮೊಣಕೈಯಲ್ಲಿ ಒರೆಸಿಕೊಂಡಳು. "ಏನು ಅಳಿಯದೇವ್ರು, ಇಷ್ಟು ದೂರ? ಮೊದ್ಲು ಆ ಸೊಂಡಿಲು ತೆಗೆದು ಮಾತಾಡಪ್ಪಾ."

ಮಂಜು ಇನ್ನೂ ನೂರು ಹೆಜ್ಜೆ ಹಿಂದಿತ್ತು. ಉರ್ಪೊ ಮುಖವಾಡ ಕಿತ್ತ. "ಕ್ಲೋರಿನ್ ಸೋರಿದೆ ಅತ್ತೆ! ಸೈರನ್ ಕೇಳಿಸ್ಲಿಲ್ವಾ?"

"ಕೇಳಿಸ್ದೇ ಏನು, ನಾನೇನು ಕಿವುಡೀನಾ? ಮೊದಲ ಸೋಮವಾರ ಅಲ್ವಾ, ನಿಮ್ಮೋರು ಕೂಗಿಸ್ತಾರೆ."

"ಅದು ಏಳೇ ಸೆಕೆಂಡು, ಒಂದೇ ಸಮ. ಇದು ಏರ್ತಾ ಇಳೀತಾ ಒಂದು ನಿಮಿಷ ಕೂಗ್ತು!"

"ಕೈ ತುಂಬ ಸೋಪು ಇಟ್ಕೊಂಡು ಲೆಕ್ಕ ಹಾಕ್ತಾ ಕೂರ್ಲಾ?"

ಹಿಲ್ಕ ಮೂಗು ಅರಳಿಸಿದಳು. "ಲೆಂಪಿ, ಈಜುಕೊಳದ ವಾಸನೆ ಬರ್ತಿದೆ ಕಣೇ." ಬಕೆಟ್ಟು ಬಿಟ್ಟು ಎದ್ದೇಬಿಟ್ಟಳು.

"ಬರ್ಲಿ ಬಿಡು, ಕೊಳೆ ಚೆನ್ನಾಗಿ ಹೋಗುತ್ತೆ. ಅರ್ಧ ತೊಳೆದದ್ದು ಬಿಟ್ಟು ನಾನಂತೂ ಬರಲ್ಲ."

ಎಪ್ಪತ್ತೆಂಟರ ಹೆಂಗಸು, ಎಳೆದರೆ ಬಿದ್ದಾಳು, ಬೈದರೆ ಇನ್ನೂ ಗಟ್ಟಿ ಕೂತಾಳು. ಮೂವತ್ತು ವರ್ಷದಿಂದ ಈಕೆಯನ್ನು ಬಲ್ಲ ಉರ್ಪೊನಿಗೆ ಉಳಿದಿದ್ದದ್ದು ಒಂದೇ ದಾರಿ.

"ಬಿಟ್ಟು ಬನ್ನಿ. ಶನಿವಾರ ನಾನೇ ತೊಳೀತೀನಿ. ಮೊಣಕಾಲೂರಿ. ಊರೆಲ್ಲ ನೋಡೋ ಹಾಗೆ."

ಬ್ರಷ್ ನಿಂತಿತು. "ನಾಲ್ಕೂ ಜಮಖಾನ?"

"ನಾಲ್ಕೂ!"

"ಹಿಲ್ಕ, ನೀನೇ ಸಾಕ್ಷಿ," ಎನ್ನುತ್ತ ಲೆಂಪಿ ಎದ್ದು ನಿಂತಳು.

ದಡದ ದಾರಿ ಹಿಡಿಯಹೊರಟ ಹಿಲ್ಕಳನ್ನು ತಡೆದು, ಇಬ್ಬರ ತೋಳನ್ನೂ ಹಿಡಿದು, ಗಾಳಿಗೆ ಅಡ್ಡವಾಗಿ ಚರ್ಚಿನ ದಿಣ್ಣೆ ಹತ್ತಿಸಿದ. ಅರ್ಧ ಹತ್ತುವಷ್ಟರಲ್ಲಿ ಮೂವರಿಗೂ ಕೆಮ್ಮು ಬಂತು, ಕಣ್ಣು ಉರಿಯಿತು. ಲೆಂಪಿಯ ಬಾಯಿ ಜೀವಮಾನದಲ್ಲಿ ಮೊದಲ ಸಲ ಮುಚ್ಚಿಕೊಂಡಿತು. ತುದಿಯಲ್ಲಿ ನಿಂತು ತಿರುಗಿ ನೋಡಿದರೆ ಅವರು ಮಾತಾಡುತ್ತಿದ್ದ ಕಟ್ಟೆ ಹಳದಿ ಮಂಜಿನಲ್ಲಿ ಅದ್ದಿಹೋಗಿತ್ತು. ಒಂದು ಗಂಟೆಯೊಳಗೆ ವಾಲ್ವ್ ಮುಚ್ಚಿದ ಸುದ್ದಿ ಬಂತು. ಒಂದು ಜೀವಕ್ಕೂ ಕೇಡಾಗಿರಲಿಲ್ಲ. ಚರ್ಚಿನ ಪಕ್ಕದ ಪಾದ್ರಿಯ ಮನೆಯಲ್ಲಿ ಕುಡಿದ ಕಾಫಿ ಅವತ್ತು ಉರ್ಪೊನಿಗೆ ಎಂದೂ ಇಲ್ಲದಷ್ಟು ರುಚಿಯಾಗಿತ್ತು.

ಶನಿವಾರ ಊರಿನ ಅರ್ಧ ಜನ ದಡಕ್ಕೆ ಬಂದಿದ್ದರು. ಅಗ್ನಿಶಾಮಕ ದಳದ ಮುಖ್ಯಸ್ಥ ಮೊಣಕಾಲೂರಿ ಬ್ರಷ್ ಹಿಡಿದಿದ್ದ. ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದ ಲೆಂಪಿ, "ಮೂಲೆ ಬಿಟ್ಯಲ್ಲಪ್ಪಾ," ಎಂದು ಸಂತೋಷದಿಂದ ತಪ್ಪು ಹುಡುಕುತ್ತಿದ್ದಳು. ನಾಲ್ಕನೆಯದನ್ನು ಬಿಡಿಸಿದಾಗ ಮಾತ್ರ ಅವಳ ನಗು ನಿಂತಿತು. ಅಂದು ಅವಳು ಉಜ್ಜುತ್ತಿದ್ದದ್ದು ಅದೇ. ನಡುವಿನ ಕೆಂಪು ಪಟ್ಟೆ, ಸರಿಯಾಗಿ ಅವಳು ಮೊಣಕಾಲೂರಿದ್ದ ಜಾಗದಲ್ಲಿ, ಕ್ಲೋರಿನ್ ತಾಗಿ ಹಾಲಿನ ಹಾಗೆ ಬೆಳ್ಳಗಾಗಿತ್ತು.

"ಇಪ್ಪತ್ತು ವರ್ಷ ಉಜ್ಜಿದ್ರೂ ಈ ಬಣ್ಣ ಬಿಟ್ಟಿರ್ಲಿಲ್ಲ," ಎಂದಳು. ಆ ಬಿಳಿಯ ಮೇಲೆ ಬೆರಳಾಡಿಸುತ್ತ, "ಏಳು ಸೆಕೆಂಡು ಅಂದ್ಯಲ್ಲ?" ಎಂದು ಕೇಳಿದಳು.

"ಏಳು, ಅತ್ತೆ."

ಜುಲೈ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಉರ್ಪೊ ಅವಳ ಅಡುಗೆಮನೆಯಲ್ಲಿ ಕಾಫಿಗೆ ಕೂತಿದ್ದ. ಹೊಸಿಲು ದಾಟಿ ಯಾರು ಶೂ ಮೆಟ್ಟಿ ಬಂದರೂ ಗದರುವ ಲೆಂಪಿ ಅಂದು ತಾನೇ ಶೂ ಹಾಕಿಕೊಂಡು ಓಡಾಡುತ್ತಿದ್ದಳು. ಹನ್ನೆರಡಕ್ಕೆ ಸೈರನ್ ಕೂಗಿತು. ಅವಳು ಕೆಟಲ್ ಕೆಳಗಿಟ್ಟು ಒಂದೊಂದೇ ಬೆರಳು ಮಡಚಿದಳು. ಏಳಕ್ಕೆ ಸದ್ದು ನಿಂತಿತು. ಲೆಂಪಿ ಬಾಗಿಲಿಗೆ ಹೋಗಿ, ಬಗ್ಗಿ, ಶೂಗಳನ್ನು ಬಿಚ್ಚಿ ಜಮಖಾನದ ಬಿಳಿ ಪಟ್ಟೆಯ ಮೇಲೆ ಜೋಡಿಸಿಟ್ಟಳು.