ಗ್ರಾಫಿನ ಬುಡ

ಎರಡು ಹಾಳೆಗಳನ್ನು ಒಂದರ ಮೇಲೊಂದು ಪ್ರಯೋಗಾಲಯದ ಕಿಟಕಿಯ ಗಾಜಿಗೆ ಒತ್ತಿ ಹಿಡಿದವಳ ಮುಖ ಅಸಹ್ಯದಿಂದ ಕಿವುಚಿಕೊಂಡಿತು. ಒಂದು ಹೋದ ವರ್ಷದ ಸೀರಿಯಂ ಆಕ್ಸೈಡ್ ಪುಡಿಯ ಎಕ್ಸ್-ರೇ ಗ್ರಾಫು, ಇನ್ನೊಂದು ಈ ವಾರದ್ದು. ಹರಳು ಸಣ್ಣದಾದಷ್ಟೂ ಗ್ರಾಫಿನ ಶಿಖರ ಅಗಲ. ಈ ವಾರದ್ದು ಹೆಚ್ಚು ಅಗಲವಾಗಿತ್ತು. ಆದರೆ ಬುಡದಲ್ಲಿ ಗರಿಕೆಯಂತೆ ನಡುಗುವ ಗೆರೆ ಎರಡರಲ್ಲೂ ಕೂದಲೆಳೆಯಷ್ಟೂ ಬೇರೆಯಿರಲಿಲ್ಲ. ಒಂದೇ ಪುಡಿಯನ್ನು ಎರಡು ಸಲ ಇಟ್ಟರೂ ಯಂತ್ರದ ಆ ನಡುಕ ಒಂದೇ ಥರ ಬರುವುದಿಲ್ಲ.

"ಸರ್, ನನ್ನ ಪುಡಿ ಕುಲುಮೆಯಲ್ಲಿ ಜಾಸ್ತಿ ಬೆಂದು ಹರಳು ದಪ್ಪ ಆಗಿತ್ತು. ನೀವು ಹಳೇ ಗ್ರಾಫನ್ನೇ ತಿದ್ದಿದ್ದೀರಾ?"

ಅವಳ ಪಿಎಚ್‌ಡಿ ಗೈಡು ಗಡ್ಡಕ್ಕಂಟಿದ ಬಿಸ್ಕತ್ತಿನ ಪುಡಿ ಕೊಡವಿಕೊಂಡರು. "ಬುಡ ಯಾರಮ್ಮ ನೋಡ್ತಾರೆ? ಸುಮ್ನೆ ಲೇಖನಕ್ಕೆ ಸಹಿ ಹಾಕು."

"ನನ್ನ ಹೆಸರು ತೆಗೆದುಬಿಡಿ. ಇಂಥ ಹೊಲಸಿಗೆ ನಾನು ಕೈ ಹಾಕಲ್ಲ."

"ಓಹೋ! ಮೂರು ವರ್ಷದ ಹಿಂದೆ ಡಾಕ್ಟರಮ್ಮ ಆದೆಯಲ್ಲ, ಆ ಪ್ರಬಂಧದ ಗ್ರಾಫ್ ತಂದುಕೊಟ್ಟಿದ್ದು ಯಾರು?"

ಅವಳು ಕಪಾಟಿನಿಂದ ತನ್ನ ಪ್ರಬಂಧವನ್ನು ಎಳೆದಳು. ಮಕ್ಕಳನ್ನು ಅವರಿವರ ಮನೆಯಲ್ಲಿ ಬಿಟ್ಟು ಬರೆದ ಪ್ರಬಂಧ. ಗ್ರಾಫಿನ ಪುಟವನ್ನು ಹರಿದು ಆ ಎರಡು ಹಾಳೆಗಳ ಮೇಲಿಟ್ಟು ಗಾಜಿಗೆ ಒತ್ತಿದಳು. ಬುಡದ ಗೆರೆ ಒಂದಿಷ್ಟೂ ಆಚೀಚೆ ಸರಿಯದೆ ಕೂತುಕೊಂಡಿತು.

ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅವಳು ಸಿಂಕಿನ ಕಡೆ ಓಡಿದಳು.