ಪಿಶಾಚಿಯ ಹಲಗೆ

ಚೀನಾದ ಆ ಹಳ್ಳಿಯಲ್ಲಿ ಸತ್ತ ಹಿರಿಯರ ಹೆಸರು ಕೆತ್ತಿದ ಹಲಗೆಗೆ ಊದುಬತ್ತಿ ಹಚ್ಚುವುದನ್ನು ವಿಲಾಯಿತಿ ಪಾದ್ರಿ ಬಿಡಿಸಿದ್ದ. ಮನೆಮನೆಯ ಹಲಗೆಗಳನ್ನೂ ಒಲೆಗೆ ಹಾಕಿಸಿಯೇ ಸ್ವದೇಶಕ್ಕೆ ಹಡಗು ಹತ್ತಿದ್ದ. ಐದು ವರ್ಷದ ಮೇಲೆ ಮರಳಿ ಬಂದರೆ, ಚರ್ಚಿನೊಳಗೇ ಒಂದು ಹಲಗೆ! ಆ ಜನರ ಅಕ್ಷರ ಕಲಿಯುವ ತಾಪತ್ರಯಕ್ಕೆ ಅವನೆಂದೂ ಹೋದವನಲ್ಲ.

"ಯಾವ ದರಿದ್ರ ಪಿಶಾಚಿದಯ್ಯಾ ಇದು? ಮರದ ತುಂಡಿಗೆ ಕೈಮುಗೀತೀರಲ್ಲ, ನಿಮಗೆ ಬುದ್ಧಿ ಬರೋದು ಯಾವಾಗ? ಒಲೆಗೆ ಹಾಕು!"

ಚರ್ಚಿನ ಸಭೆಯ ಹಿರಿಯ ಫಾನ್ ಹಲಗೆ ಎತ್ತಿಕೊಂಡು ತಲೆ ತಗ್ಗಿಸಿದ. "ತಮ್ಮದೇ ಸ್ವಾಮಿ. ಹಡಗು ಮುಳುಗಿ ತಾವು ತೀರಿಕೊಂಡ್ರಿ ಅಂತ ಸುದ್ದಿ ಬಂತು. ಅವತ್ತಿಂದ ಇಡೀ ಊರೇ ದಿನಾ ಅಡ್ಡಬೀಳ್ತಿದೆ. ಈಗಲೇ ಸುಡ್ತೀನಿ."

ಪಾದ್ರಿ ಹಲಗೆಯನ್ನು ಕಿತ್ತುಕೊಂಡು, ನಿಲುವಂಗಿಯ ತೋಳಿನಿಂದಲೇ ಧೂಳು ಒರೆಸಿ, ಇದ್ದಲ್ಲೇ ಇಟ್ಟ.

"ಊದುಬತ್ತಿ ಆರಿಹೋಗಿದೆಯಲ್ಲ, ನಿಮಗ್ಯಾರಿಗೂ ಕಣ್ಣು ಕಾಣಲ್ವಾ?"